ದೊಡ್ಡ ಕಾರಿನ ಎರಡನೆಯ ಯಜಮಾನ

ಹೊಳಲ್ಕೆರೆ ತಾಲ್ಲೂಕಿನ ಅಡಕೆ ತೋಟದ ಗೃಹಸ್ಥರೊಬ್ಬರು ಈ ಪುಟಕ್ಕೆ ಬರೆದಿರುವ ಪತ್ರವು ನಾಲ್ಕು ಹಾಳೆಗಳಷ್ಟು ಉದ್ದವಾಗಿದ್ದರೂ ಅದರ ಸಾರಾಂಶವು ಇಷ್ಟೆ. ಅವರ ತಾಯಿಯವರಿಗೆ ಎಪ್ಪತ್ತೆಂಟು ವರ್ಷ. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದಂದಿನಿಂದ ಎತ್ತರದ ಗಾಡಿಯನ್ನು ಹತ್ತಲಾರರು. ತಿಂಗಳಿಗೊಮ್ಮೆ ಅವರನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿದೆ. ಎರಡು ವರ್ಷದ ಅಡಕೆಯ ಹಣದಲ್ಲಿ ಹದಿನಾಲ್ಕು ಲಕ್ಷ ರೂಪಾಯಿ ಮಿಕ್ಕಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು ಅಷ್ಟೇ ಬೆಲೆಗೆ 2017ನೆಯ ಇಸವಿಯ ಟೊಯೋಟ ಕ್ಯಾಮ್ರಿ ಹೈಬ್ರಿಡ್ ಕಾರೊಂದನ್ನು ನೋಡಿಟ್ಟಿದ್ದಾನೆ. ಭಾವಮೈದುನರು ಅದೇ ಹಣಕ್ಕೆ ಹೊಚ್ಚ ಹೊಸದೊಂದು ಎತ್ತರದ ಗಾಡಿ ಬರುವಾಗ ಹಳೆಯದೇಕೆ ಎನ್ನುತ್ತಾರೆ. ಗೃಹಿಣಿಯವರು ಎರಡೂ ಬೇಡ, ಬತ್ತುತ್ತಿರುವ ಕೊಳವೆಬಾವಿಗೆ ಬದಲು ಮತ್ತೊಂದನ್ನು ಕೊರೆಸಿರಿ ಎನ್ನುತ್ತಾರೆ. "ಈ ದೊಡ್ಡ ಕಾರು ನಂಬತಕ್ಕದ್ದೇ? ಹಿರಿಯೂರು ದಾಟಿ ನಡುರಾತ್ರಿಯಲ್ಲಿ ತಾಯಿಯೊಡನೆ ನನ್ನನ್ನು ನಿಲ್ಲಿಸಿಬಿಡದಷ್ಟೆ? ಐದು ವರ್ಷದ ಮೇಲೆ ಮಾರಬೇಕಾಗಿ ಬಂದರೆ ಏನುಳಿದೀತು?" ಎಂಬುದು ಅವರ ಪ್ರಶ್ನೆ.

ಪೂರ್ಣ ವೈಭವದ ಕಾರೂ ಅಲ್ಲದ, ಸಾಮಾನ್ಯ ಸಂಸಾರದ ಕಾರೂ ಅಲ್ಲದ ಒಂದು ಜಾತಿಯುಂಟು. ಟೊಯೋಟದ ಕ್ಯಾಮ್ರಿ, ಹೋಂಡಾದ ಅಕಾರ್ಡ್, ಸ್ಕೋಡಾದ ಸೂಪರ್ಬ್ ಮುಂತಾದುವು ಈ ಜಾತಿಯವು. ಕ್ಯಾಮ್ರಿ ಎಂಬ ಹೆಸರು ಜಪಾನೀ ಭಾಷೆಯ 'ಕನ್ಮುರಿ' ಎಂಬ ಶಬ್ದದಿಂದ ಬಂದುದು, ಕಿರೀಟವೆಂದು ಅರ್ಥ. ಈ ಕಿರೀಟವು ದೂರದಿಂದ ಬಂದುದೆಂದು ಭಾವಿಸಬೇಕಾಗಿಲ್ಲ. ಇದರ ಹೈಬ್ರಿಡ್ ರೂಪವು 2013ರ ಆಗಸ್ಟ್ ತಿಂಗಳಲ್ಲಿ ನಮ್ಮ ಬಿಡದಿಯಲ್ಲಿಯೇ ಜೋಡಣೆಗೊಂಡು ಹೊರಬಂದಿತು. ಅಂದಿನ ಬೆಲೆ ತೆರಿಗೆ ವಿಮೆಗಳನ್ನು ಬಿಟ್ಟು 29 ಲಕ್ಷ 75 ಸಾವಿರ. 2019ರ ಜನವರಿಯಲ್ಲಿ ಬಂದ ಹೊಸ ತಲೆಮಾರಿಗೆ 36 ಲಕ್ಷ 95 ಸಾವಿರ, 2024ರ ಡಿಸೆಂಬರಿನಲ್ಲಿ ಬಂದುದಕ್ಕೆ 48 ಲಕ್ಷ. ಬಿಡದಿಯ ಕಾರ್ಖಾನೆಯಲ್ಲಿ ಟೊಯೋಟದವರಿಗೆ ಜೊತೆಯಾದ ಕಿರ್ಲೋಸ್ಕರ್ ಎಂಬ ಹೆಸರೂ ನಮ್ಮ ಕಡೆಯವರಿಗೆ ಹೊಸದಲ್ಲ. ನಮ್ಮ ಚಿಕ್ಕಜಾಜೂರಿನಿಂದ ರೈಲು ಹತ್ತಿ ದಾವಣಗೆರೆಯನ್ನು ದಾಟಿದರೆ ಸಿಕ್ಕುವ ಹರಿಹರದಲ್ಲಿ 1941ರಲ್ಲಿಯೇ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪಿತವಾಗಿ ಲೇತ್ ಯಂತ್ರಗಳನ್ನು ಮಾಡುತ್ತಿತ್ತು. ಆ ಕಾರ್ಖಾನೆ ಮುಚ್ಚಿಹೋಗಿ ಎರಡು ದಶಕಗಳೇ ಕಳೆದುವು. ಅದರ ಲೇತುಗಳನ್ನು ಹಳೆಯದೆಂದು ತಿಳಿದೂ ಹುಡುಕಿಕೊಂಡು ಹೋಗಿ ಕೊಳ್ಳುವ ವರ್ಕ್‌ಷಾಪಿನವರು ಈಗಲೂ ಇದ್ದಾರೆ. ಕೈಬದಲಾದ ಮೇಲೂ ಬೆಲೆ ನಿಲ್ಲುವುದೆಂದರೆ ಏನೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತೋರದು.

ಆದರೆ ಕಾರು ಲೇತಲ್ಲ. ಅದು ನಂಬತಕ್ಕದ್ದೋ ಅಲ್ಲವೋ ಎಂಬುದನ್ನು ಯಾರನ್ನು ಕೇಳಿ ತಿಳಿಯಬೇಕು? ನಮ್ಮ ತಾರ್ಕಿಕರು ಶಬ್ದವನ್ನು ಪ್ರಮಾಣವೆಂದು ಒಪ್ಪುವಾಗ, ಅದು ಆಪ್ತನ ಮಾತಾಗಿರಬೇಕೆಂದು ಕಟ್ಟುಮಾಡಿದ್ದಾರೆ. ಆಪ್ತನೆಂದರೆ ನೆಂಟನೆಂದಲ್ಲ, ವಿಷಯವನ್ನು ಇದ್ದಂತೆ ಬಲ್ಲವನು, ಬಲ್ಲದ್ದನ್ನು ಮರೆಮಾಚುವುದರಲ್ಲಿ ಯಾವ ಲಾಭವೂ ಇಲ್ಲದವನು. ಈ ಲಕ್ಷಣವನ್ನು ಕಾರಿನ ಯಜಮಾನರಿಗೆ ಹಚ್ಚಿ ನೋಡಿದರೆ ಬಹುಮಂದಿ ಬಿದ್ದುಹೋಗುವರು. ಕೊಂಡು ಆರು ತಿಂಗಳಾದವನು ತಾನು ಸುರಿದ ಹಣವನ್ನು ಸಮರ್ಥಿಸಿಕೊಳ್ಳುತ್ತಾನೆ. ಮಾರಬೇಕೆಂದಿರುವವನ ಮಾತನ್ನು ಹೇಳಲೇಬೇಕಾಗಿಲ್ಲ. ಮೆಕ್ಯಾನಿಕ್ಕನೂ ಪೂರ್ಣ ಆಪ್ತನಲ್ಲ. ತನ್ನ ಕೈಗೆ ಪಳಗಿದ ಗಾಡಿಯನ್ನು ಹೊಗಳುವನು, ಬೋನೆಟ್ಟನ್ನು ತೆರೆದು ಕಾಣದ ಗಾಡಿಯನ್ನು ತೆಗಳುವನು. ನನ್ನ ಮಟ್ಟಿಗೆ, ಕಾರನ್ನು ಏಳೆಂಟು ವರ್ಷ ಓಡಿಸಿ, ಮಾರಿ, ಹಣವೂ ಕೈಗೆ ಬಂದು ಎರಡು ವರ್ಷವಾದವನೇ ಆಪ್ತನು. ಅವನಿಗೆ ಮುಚ್ಚಿಡಬೇಕಾದುದು ಏನೂ ಉಳಿದಿರುವುದಿಲ್ಲ.

ಅಂಥ ಇಬ್ಬರನ್ನು ನಾನು ಬಲ್ಲೆ. ಚಿತ್ರದುರ್ಗದಲ್ಲಿ ವೈದ್ಯವೃತ್ತಿಯಲ್ಲಿರುವ ನನ್ನ ಶಿಷ್ಯರೊಬ್ಬರು 2014ರಲ್ಲಿ ಕ್ಯಾಮ್ರಿ ಹೈಬ್ರಿಡ್ಡನ್ನು ಹೊಸದಾಗಿ ಕೊಂಡರು. ತೆರಿಗೆ, ವಿಮೆ ಎಲ್ಲವೂ ಸೇರಿ ಬಾಗಿಲಿಗೆ ಬರುವ ಹೊತ್ತಿಗೆ ಸುಮಾರು 36 ಲಕ್ಷವಾಯಿತು. ಏಳು ವರ್ಷದಲ್ಲಿ ಒಂದು ಲಕ್ಷ ಮೂವತ್ತು ಸಾವಿರ ಕಿಲೋಮೀಟರು ಓಡಿಸಿದರು. ಕಾಲಕಾಲಕ್ಕೆ ಆಯಿಲು, ಎರಡು ಸಲ ಟಯರು, ಒಂದು ಸಲ ಬ್ರೇಕ್ ಪ್ಯಾಡು, ಸಣ್ಣ ಬ್ಯಾಟರಿ ಒಂದು, ಕಡೆಯ ವರ್ಷದಲ್ಲಿ ಮುಂದಿನ ಷಾಕ್ ಅಬ್ಸಾರ್ಬರು: ಖರ್ಚಿನ ಪಟ್ಟಿ ಅಷ್ಟೇ. 2021ರಲ್ಲಿ ಮಾರಿದಾಗ ಬಂದುದು 11 ಲಕ್ಷ. "ಮೇಷ್ಟ್ರೇ, ಕಾರು ನನಗೆ ಒಂದು ದಿನವೂ ಕೈಕೊಡಲಿಲ್ಲ; ಮಾರುವ ದಿನ ಪೇಟೆ ಕೈಕೊಟ್ಟಿತು" ಎಂದರು.

ಎರಡನೆಯವರು ಭೀಮಸಮುದ್ರದ ಅಡಕೆ ವರ್ತಕರು. ಅವರದು ಯೂರೋಪು ಮೂಲದ, ಅದೇ ಅಂತಸ್ತಿನ ಕಾರು, ಹೆಸರು ಬೇಡ. ವೇಗ, ನಿಲುವು, ರಸ್ತೆಯ ಮೇಲಿನ ಹಿಡಿತ ಇವುಗಳಲ್ಲಿ ವೈದ್ಯರ ಕಾರಿಗಿಂತ ಇದೇ ಮೇಲೆಂದು ಇಬ್ಬರಲ್ಲಿಯೂ ಕುಳಿತು ನೋಡಿದ ನಾನು ಹೇಳಬಲ್ಲೆ. ಆದರೆ ಕಂಪೆನಿಯ ವಾರಂಟಿ ಮುಗಿದ ಮರುವರ್ಷವೇ ಎರಡು ಕ್ಲಚ್ಚುಗಳುಳ್ಳ ಅದರ ಗೇರ್ ಬಾಕ್ಸು ಕೆಟ್ಟಿತು. ಬೆಂಗಳೂರಿಗೆ ಲಾರಿಯ ಮೇಲೆ ಸಾಗಿಸಿ, ಏಳು ವಾರ ಕಾದು, ಆ ಹೊತ್ತಿಗೆ ಕಾರಿಗಿದ್ದ ಬೆಲೆಯ ನಾಲ್ಕರಲ್ಲೊಂದು ಭಾಗವನ್ನು ರಿಪೇರಿಗೆ ತೆತ್ತರು. ಏಳನೆಯ ವರ್ಷದಲ್ಲಿ ಮಾರಿದಾಗ ಕೊಂಡ ಬೆಲೆಯ ಮೂರನೆಯ ಒಂದು ಭಾಗವೂ ಬರಲಿಲ್ಲ. ಮಾರುವಾಗ ಆ ರಿಪೇರಿಯ ಬಿಲ್ಲನ್ನು ತಾವಾಗಿಯೇ ಕೊಳ್ಳುವವರ ಮುಂದೆ ಇಟ್ಟರಂತೆ, ಅಂಥವರು ವಿರಳ.

ವಾಚಕರು ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿರಬಹುದು. ಒಂದು ಕಾರು ನಿರ್ದೋಷವಾಗಿ ನಡೆಯಿತು, ಮತ್ತೊಂದು ಯಜಮಾನನನ್ನು ಹಿಂಡಿತು. ಏಳನೆಯ ವರ್ಷದಲ್ಲಿ ಪೇಟೆಯು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಬೆಲೆಯನ್ನು ಕಟ್ಟಿತು. ಬೆಲೆ ಕುಸಿದಿದೆ, ಆದುದರಿಂದ ಕಾರಿನಲ್ಲಿ ಏನೋ ದೋಷವಿರಬೇಕು ಎಂದು ನಮ್ಮ ಜನ ಊಹಿಸುವುದು ವಾಡಿಕೆ. ಹೊಗೆ ಇದ್ದಲ್ಲಿ ಬೆಂಕಿ ಇದ್ದೇ ಇದೆ. ಆದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಬೇಕೆಂಬುದು ತಪ್ಪು. ಕಮ್ಮಾರನ ಕುಲುಮೆಯಲ್ಲಿ ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದೂ ಹೊಗೆಯಿಲ್ಲ. ಹೊಗೆಗೆ ಹಸಿಯ ಸೌದೆ ಬೇಕು ಎಂದು ತರ್ಕಶಾಸ್ತ್ರದಲ್ಲಿ ಹೇಳುವರು. ಹಾಗೆಯೇ ದೋಷವಿದ್ದಲ್ಲಿ ಬೆಲೆ ಕುಸಿಯುವುದು ನಿಜ. ಬೆಲೆ ಕುಸಿದಲ್ಲೆಲ್ಲ ದೋಷವಿರಬೇಕೆಂಬುದು ನಿಜವಲ್ಲ. ಬೆಲೆಯ ಕುಸಿತಕ್ಕೆ ಬೇರೆ ಕಾರಣಗಳೂ ಸಾಕಷ್ಟುಂಟು.

ಮೊದಲನೆಯದು ತೆರಿಗೆ. ನಮ್ಮ ರಾಜ್ಯದಲ್ಲಿ ಇಪ್ಪತ್ತು ಲಕ್ಷಕ್ಕೆ ಮೀರಿದ ಪೆಟ್ರೋಲು ಕಾರಿಗೆ ಬಹುಕಾಲದಿಂದ ಆಜೀವ ತೆರಿಗೆಯು ಶೇಕಡಾ 18. ಅದರ ಮೇಲೆ ಸೆಸ್ಸು ಬೇರೆ. 48 ಲಕ್ಷದ ಕಾರಿಗೆ ಈ ಬಾಬು ಒಂದೇ ಎಂಟೂವರೆ ಲಕ್ಷವನ್ನು ಮೀರುತ್ತದೆ. ಷೋರೂಮಿನ ಬಾಗಿಲನ್ನು ದಾಟಿದೊಡನೆ ಈ ಹಣವು ಮಾಯವಾಗುವುದು. ರಾಜ್ಯದೊಳಗೇ ಕೊಳ್ಳುವ ಎರಡನೆಯ ಯಜಮಾನನು ಅದನ್ನು ಮತ್ತೆ ತೆರಬೇಕಾಗಿಲ್ಲ, ಮೊದಲನೆಯವನಿಗೆ ಯಾರೂ ಹಿಂದಿರುಗಿಸುವುದೂ ಇಲ್ಲ. ಎರಡನೆಯದು ಕೊಳ್ಳುವವರ ಅಭಾವ. ಇನ್ನೋವಾ ಗಾಡಿಯನ್ನು ಬಾಡಿಗೆಗೆ ಬಿಡುವವರು, ದೊಡ್ಡ ಸಂಸಾರದವರು, ಯಾತ್ರೆಗೆ ಹೋಗುವವರು ಹೋಬಳಿಗೊಬ್ಬರಂತೆ ಕಾದಿರುತ್ತಾರೆ. ಅದರ ಬೆಲೆ ನಿಲ್ಲುವುದು ಗುಣದಿಂದ ಎಷ್ಟೋ ಈ ಕಾಯುವವರಿಂದ ಅಷ್ಟೇ. ಕ್ಯಾಮ್ರಿಯನ್ನು ಹೊಸದಾಗಿ ಕೊಳ್ಳುವ ಶಕ್ತಿಯುಳ್ಳವರು ಹಳೆಯದನ್ನು ಮುಟ್ಟರು. ಹಳೆಯದನ್ನು ಕೊಳ್ಳುವ ಶಕ್ತಿಯುಳ್ಳವರು ಅದರ ಬಿಡಿಭಾಗಗಳ ಬೆಲೆಗೆ ಹೆದರುವರು. ಮೂರನೆಯದು ತಯಾರಕರ ಚಂಚಲತೆ. ಅಕಾರ್ಡ್ 2020ರಲ್ಲಿ ನಮ್ಮ ದೇಶದ ಪೇಟೆಯಿಂದ ಮರೆಯಾಯಿತು. ಸೂಪರ್ಬ್ 2023ರಲ್ಲಿ ನಿಂತು, 2024ರಲ್ಲಿ ಪರದೇಶದಿಂದ ನೂರೇ ನೂರು ಸಂಖ್ಯೆಯಲ್ಲಿ ಬಂದಿತು. ನಿಂತುಹೋದ ಕಾರಿನ ಮುಂದಿನ ದೀಪವೊಂದು ಒಡೆದರೆ ಎಷ್ಟು ದಿನ ಕಾಯಬೇಕೆಂಬ ಭಯವೂ ಬೆಲೆಯಿಂದ ಕಳೆಯಲ್ಪಡುತ್ತದೆ.

ಈ ಭಯಕ್ಕೆ ಆಧಾರವಿಲ್ಲದಿಲ್ಲ. ಹಿಂದೆ, ಫಿಯೆಟ್ ಅಂಬಾಸಡರುಗಳಿಗೆ ಹೆಸರು ಬರೆಯಿಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಲೈಸೆನ್ಸಿನ ಕಾಲದಲ್ಲಿ, ಓಡಿದ ಕಾರಿಗೆ ಹೊಸದಕ್ಕಿಂತ ಹೆಚ್ಚು ಬೆಲೆ ಬರುತ್ತಿದ್ದುದುಂಟು. ಅದು ಗುಣಕ್ಕೆ ಸಂದ ಬೆಲೆಯಲ್ಲ, ಕ್ಷಾಮಕ್ಕೆ ಸಂದದ್ದು. ಆ ಕಾಲದ ಕೊನೆಯಲ್ಲಿ ವೈಭವದ ಆಸೆ ತೋರಿಸಿ ಎರಡು ಕಾರುಗಳು ಬಂದುವು: 1984ರಲ್ಲಿ ಕಾಂಟೆಸಾ, 1985ರಲ್ಲಿ ಮದರಾಸಿನ ಸ್ಟ್ಯಾಂಡರ್ಡ್ 2000. ಎರಡನೆಯದಕ್ಕೆ ವಿಲಾಯತಿಯ ರೋವರ್ ಕಾರಿನ ಸುಂದರವಾದ ಮೈ, ಹಳೆಯ ಕಾಲದ ಎರಡು ಲೀಟರ್ ಎಂಜಿನಿನ ಜೀವ. 1988ರ ಹೊತ್ತಿಗೆ ಅದು ನಿಂತೇಹೋಯಿತು. ದೊಡ್ಡ ಹಣ ಕೊಟ್ಟು ಕೊಂಡಿದ್ದವರು ಬಿಡಿಭಾಗಗಳಿಗೆ ಅಲೆದಾಡಿದರು. ಕಾಂಟೆಸಾ ಮಾತ್ರ ಇಸುಜು ಎಂಜಿನನ್ನು ಹಾಕಿಸಿಕೊಂಡು 2002ರವರೆಗೆ ಬಾಳಿತು.

ವಿಮೆಯವರಿಗೆ ಈ ಭೇದಗಳೊಂದೂ ಇಲ್ಲ. ಕಾರಿನ ವಿಮಾಮೌಲ್ಯವನ್ನು ಮೊದಲ ವರ್ಷದ ಕೊನೆಗೆ ಶೇಕಡಾ 15, ಎರಡನೆಯದಕ್ಕೆ 20, ಮೂರನೆಯದಕ್ಕೆ 30, ನಾಲ್ಕನೆಯದಕ್ಕೆ 40, ಐದನೆಯದಕ್ಕೆ 50 ಎಂದು ಎಲ್ಲ ಕಾರುಗಳಿಗೂ ಒಂದೇ ಕೋಷ್ಟಕದಿಂದ ಇಳಿಸುತ್ತ ಬರುವರು. ಇದನ್ನೇ ಪೇಟೆಯ ಬೆಲೆಯೆಂದು ನಂಬಿ ದೊಡ್ಡ ಕಾರನ್ನು ಮಾರಹೊರಟವರು ನಿರಾಶರಾಗುವರು; ಕೊಳ್ಳಹೊರಟವರು ಇದನ್ನು ಹಿಡಿದು ಬೆಲೆ ಕಟ್ಟಿದರೆ ಹೆಚ್ಚು ತೆತ್ತಾರು.

ವೈದ್ಯರ ಕಾರಿನ ಕಥೆ 11 ಲಕ್ಷಕ್ಕೆ ಮುಗಿಯಲಿಲ್ಲ. ಅದನ್ನು ಕೊಂಡ ದಾವಣಗೆರೆಯ ಬಟ್ಟೆಯ ವ್ಯಾಪಾರಿಗಳು ನಾಲ್ಕು ವರ್ಷ ಓಡಿಸಿ 2025ರಲ್ಲಿ 8 ಲಕ್ಷಕ್ಕೆ ಮಾರಿದರು. ಲೆಕ್ಕ ಹಾಕಿ ನೋಡಿದರೆ, ಇಂಧನ ರಿಪೇರಿಗಳನ್ನು ಬಿಟ್ಟು, ವೈದ್ಯರು ತಿಂಗಳಿಗೆ ಸುಮಾರು ಮೂವತ್ತು ಸಾವಿರ ರೂಪಾಯಿಯನ್ನು ಬೆಲೆಯ ಇಳಿತಕ್ಕಾಗಿಯೇ ಕಳೆದುಕೊಂಡರು. ವ್ಯಾಪಾರಿಗಳು ಕಳೆದುಕೊಂಡುದು ತಿಂಗಳಿಗೆ 6,250. ಅದೇ ಎಂಜಿನು, ಅದೇ ಆಸನ, ಅದೇ ನಿಶ್ಶಬ್ದ. ಕಾರು ಗಟ್ಟಿಯಾಗಿದ್ದು ಬೆಲೆ ಮಾತ್ರ ಬಿದ್ದಿರುವ ಕಡೆ ಲಾಭವು ಎರಡನೆಯ ಯಜಮಾನನದು. ಕಾರೂ ಬೆಲೆಯೂ ಕೂಡಿ ಬಿದ್ದಿರುವ ಕಡೆ ಅವನೇ ಬಲಿ. ಆದುದರಿಂದ ಕೊಳ್ಳುವವನು ತಿಳಿಯಬೇಕಾದುದು ಬೆಲೆ ಎಷ್ಟು ಬಿದ್ದಿದೆ ಎಂಬುದನ್ನಲ್ಲ, ಏಕೆ ಬಿದ್ದಿದೆ ಎಂಬುದನ್ನು.

ಕ್ಯಾಮ್ರಿ ಹೈಬ್ರಿಡ್ಡು ಏಕೆ ಬಾಳುತ್ತದೆಯೆಂಬುದಕ್ಕೆ ಅದರ ರಚನೆಯಲ್ಲಿಯೇ ಉತ್ತರವುಂಟು. ಎರಡೂವರೆ ಲೀಟರಿನ ಪೆಟ್ರೋಲು ಎಂಜಿನನ್ನೂ ವಿದ್ಯುತ್ ಮೋಟಾರುಗಳನ್ನೂ ಒಂದು ಹಲ್ಲುಚಕ್ರದ ಕೂಟವು ಸೇರಿಸುತ್ತದೆ. ನಡುವೆ ಸೂರ್ಯಚಕ್ರ, ಅದರ ಸುತ್ತ ಗ್ರಹಚಕ್ರಗಳು, ಇವುಗಳನ್ನು ಬಳಸಿ ಹೊರಗೊಂದು ಬಳೆ. ಹೆಸರುಗಳು ನನ್ನ ಕಲ್ಪನೆಯಲ್ಲ, ಎಂಜಿನಿಯರುಗಳೇ ಇಟ್ಟವು. ಈ ಚಕ್ರಗಳು ಎಂದೂ ಒಂದರಿಂದೊಂದು ಬಿಡುವುದಿಲ್ಲವಾದುದರಿಂದ ಸವೆಯತಕ್ಕ ಕ್ಲಚ್ ಪ್ಲೇಟು ಇಲ್ಲ. ಬೇರೆಯಾದ ಸ್ಟಾರ್ಟರು, ಡೈನಮೋಗಳೂ ಇಲ್ಲ. ವೇಗವನ್ನು ತಗ್ಗಿಸುವಾಗ ಮೋಟಾರೇ ತಿರುಗುಮುರುಗಾಗಿ ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಗೆ ಸೇರಿಸುವುದರಿಂದ ಬ್ರೇಕ್ ಪ್ಯಾಡುಗಳು ಬಹುಕಾಲ ಬಾಳುತ್ತವೆ. ಕೆಡಬಹುದಾದ ಅಂಗಗಳು ಕಡಿಮೆಯಿದ್ದಲ್ಲಿ ಕೆಡುವ ಸಂಭವವೂ ಕಡಿಮೆ. 2013ರ ಕಾರಿಗೆ ಲೀಟರಿಗೆ 19.16 ಕಿಲೋಮೀಟರೆಂದು ಪರೀಕ್ಷಾಶಾಲೆಯ ಅಂಕ. ಹೆದ್ದಾರಿಯಲ್ಲಿ ನೂರರ ವೇಗಕ್ಕೆ ಮೀರಿ ಓಡಿಸುವವರು ಅದನ್ನು ಕಾಣರು.

ಉಳಿದ ಒಂದೇ ದೊಡ್ಡ ಸಂದೇಹ ಬ್ಯಾಟರಿಯದು. ಪತ್ರದಲ್ಲಿ ಹೇಳಿರುವ ತಲೆಮಾರಿನ ಕಾರಿನಲ್ಲಿ ನಿಕ್ಕಲ್ ಜಾತಿಯ 34 ತುಂಡುಗಳನ್ನು ಸಾಲಾಗಿ ಕಟ್ಟಿ 244.8 ವೋಲ್ಟನ್ನು ಪಡೆಯುತ್ತಾರೆ. ಇದು ಉಷ್ಣವನ್ನು ಸಹಿಸದು. ಇದನ್ನು ತಂಪಾಗಿಡಲು ಕಾರಿನೊಳಗಿನ ಗಾಳಿಯನ್ನು ಹಿಂದಿನ ಆಸನದ ಬಳಿಯ ಕಿಂಡಿಯಿಂದ ಫ್ಯಾನೊಂದು ಎಳೆದುಕೊಳ್ಳುತ್ತದೆ. ನಮ್ಮ ಕಡೆಯ ಕೆಂಪು ಧೂಳು ಆ ದಾರಿಯಲ್ಲಿ ಮೆತ್ತಿಕೊಂಡರೆ, ಅಥವಾ ಕಿಂಡಿಯ ಮೇಲೆ ಯಾರಾದರೂ ಶಾಲನ್ನು ಹೊದಿಸಿದರೆ, ಬ್ಯಾಟರಿಯು ಬೆಂದು ಅಲ್ಪಾಯುವಾಗುವುದು. ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ ಶುದ್ಧಮಾಡಿಸಿದ ದಾಖಲೆ ಇರುವ ಕಾರಿಗೆ ನಾನು ಐವತ್ತು ಸಾವಿರ ಹೆಚ್ಚು ಕೊಟ್ಟೇನು. ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿಯನ್ನು ಕಂಪೆನಿಯವರು ಕೊಡತೊಡಗಿದುದು 2021ರ ಆಗಸ್ಟಿನಿಂದ. 2017ರ ಕಾರಿಗೆ ಆ ಭರವಸೆ ಸಲ್ಲದು. ಕೆಟ್ಟ ತುಂಡೊಂದನ್ನೇ ಬದಲಿಸಿ ಅಗ್ಗದಲ್ಲಿ ಸರಿಮಾಡಿಕೊಡುವೆವೆನ್ನುವವರು ಪಟ್ಟಣಗಳಲ್ಲಿದ್ದಾರೆ. ಜೀರ್ಣವಾದ ಬಟ್ಟೆಗೆ ಹೊಸ ತೇಪೆ ಹಾಕಿದರೆ ಮಗ್ಗುಲಲ್ಲೇ ಹರಿಯುವಂತೆ, ಮಿಕ್ಕ ಮೂವತ್ತಮೂರೂ ಅದೇ ವಯಸ್ಸಿನವೇ.

ಹೀಗಿರಲಾಗಿ, ಪತ್ರ ಬರೆದ ಮಹನೀಯರಿಗೆ ನನ್ನ ಅಭಿಪ್ರಾಯವು ಹೀಗೆ. ಕಾರನ್ನು ಕೊಳ್ಳಬಹುದು, ಆದರೆ ಹದಿನಾಲ್ಕು ಲಕ್ಷಕ್ಕೆ ಅಲ್ಲ. ಹನ್ನೆರಡಕ್ಕೆ ಇಳಿಸಿ, ಎರಡನ್ನು ಬ್ಯಾಟರಿ, ಟಯರು, ಸಸ್ಪೆನ್ಷನ್ನುಗಳ ಹೆಸರಿನಲ್ಲಿ ಬ್ಯಾಂಕಿನಲ್ಲಿ ಪ್ರತ್ಯೇಕವಾಗಿ ಇಡತಕ್ಕದ್ದು. ಇಳಿಯದಿದ್ದರೆ ಬಿಡತಕ್ಕದ್ದು; ಅದಕ್ಕಾಗಿ ಸಾಲ ಮಾಡಕೂಡದು. ಕ್ವಿಂಟಾಲಿಗೆ ಅರ್ಧ ಲಕ್ಷ ಮೀರಿದ ಅಡಕೆಯ ವರ್ಷಗಳನ್ನು ನಾವು ಕಂಡಂತೆಯೇ ಕೊಳೆರೋಗದ ವರ್ಷಗಳನ್ನೂ ಕಂಡಿದ್ದೇವೆ. ಮನೆಯಲ್ಲಿಟ್ಟ ಅಡಕೆಯನ್ನು ಯಾವ ದಿನ ಬೇಕಾದರೂ ಮಂಡಿಗೆ ಹಾಕಿ ಹಣ ಮಾಡಬಹುದು. ಕ್ಯಾಮ್ರಿಯನ್ನು ಚಿಕ್ಕಜಾಜೂರಿನಲ್ಲಿ ನಿಲ್ಲಿಸಿಕೊಂಡು ಮಾರುತ್ತೇನೆಂದರೆ ನೋಡಲು ಹತ್ತು ಮಂದಿ ಬರುವರು, ಕೊಳ್ಳಲು ಒಬ್ಬನೂ ಬರನು. ಬೆಂಗಳೂರಿನಲ್ಲಿಯೂ ಎರಡು ಮೂರು ತಿಂಗಳು ಕಾಯುವ ತಾಳ್ಮೆಯಿದ್ದವರಿಗೇ ನ್ಯಾಯವಾದ ಬೆಲೆ. ಐದು ವರ್ಷದ ಮೇಲೆ ಏನುಳಿದೀತೆಂದರೆ, ಹದಿನೈದು ವರ್ಷದ ನೋಂದಣಿಯು 2032ಕ್ಕೆ ಮುಗಿಯುವುದರಿಂದ ಆ ಹೊತ್ತಿಗೆ ಕೊಳ್ಳುವವನು ಫಿಟ್‌ನೆಸ್ ಪರೀಕ್ಷೆ, ಮರುನೋಂದಣಿಗಳ ಖರ್ಚನ್ನು ಮೊದಲೇ ಕಳೆದುಕೊಂಡು ಕೇಳುವನು. ಮೂರು ಲಕ್ಷ ಬಂದರೆ ಸಂತೋಷಪಡಬಹುದು. ಆ ಹಣವನ್ನು ಲೆಕ್ಕಕ್ಕೇ ಹಿಡಿಯದೆ, ತಾಯಿಯವರ ಅರವತ್ತು ಪ್ರಯಾಣಗಳಿಗೆ ಕೊಟ್ಟ ಬೆಲೆಯೆಂದು ತಿಳಿದರೆ ಸಮವೆನಿಸೀತೇ ಎಂದು ಕೇಳಿಕೊಳ್ಳಬೇಕು. ಭಾವಮೈದುನರ ಮಾತಿನಲ್ಲಿಯೂ ನ್ಯಾಯವುಂಟು; ಹೊಸ ಗಾಡಿಗೆ ವಾರಂಟಿಯುಂಟು, ಊರಿನ ರಸ್ತೆಯ ಉಬ್ಬುಗಳಿಗೆ ಅದರ ಹೊಟ್ಟೆ ತಗಲುವುದಿಲ್ಲ. ಆದರೆ ಸೊಂಟ ಬಗ್ಗದ ವೃದ್ಧೆಗೆ ಆ ಎತ್ತರವು ಹತ್ತಲು ಕಷ್ಟ. ಹಾಗೆಂದು ತೀರಾ ತಗ್ಗಾದ ಆಸನದಿಂದ ಏಳುವುದೂ ಕಷ್ಟವೇ. ಆದುದರಿಂದ ಹಣ ಕೊಡುವ ಮುಂಚೆ ಅಮ್ಮನವರನ್ನೇ ಒಮ್ಮೆ ಕೂರಿಸಿ, ಇಳಿಸಿ ನೋಡತಕ್ಕದ್ದು. ಈ ಪರೀಕ್ಷೆಯನ್ನು ಮಗನೂ ಮಾಡಿಲ್ಲ, ಭಾವಮೈದುನರೂ ಮಾಡಿಲ್ಲ. ಕೊಳವೆಬಾವಿಯ ಮಾತು ತೋಟದ ಪ್ರಾಣದ ಮಾತು. ಈ ಬೇಸಗೆಯನ್ನು ಹಳೆಯ ಬಾವಿ ತಾಳದೆಂದಾದರೆ ಗೃಹಿಣಿಯವರ ಪಕ್ಷವೇ ನನ್ನದು, ಬೆಂಗಳೂರಿಗೆ ಬಾಡಿಗೆಯ ಕಾರು ಸಾಕು.

ಕೊಳ್ಳುವುದೇ ನಿಶ್ಚಯವಾದರೆ ಕಾಗದಪತ್ರದ ವಿಷಯ ಎರಡು ಮಾತು. ಓಡಿದ ಕಿಲೋಮೀಟರನ್ನು ಮುಳ್ಳಿನಿಂದ ನಂಬದೆ, ಅಧಿಕೃತ ವರ್ಕ್‌ಷಾಪಿನ ಗಣಕದಲ್ಲಿರುವ ಸರ್ವಿಸಿನ ಚರಿತ್ರೆಯಿಂದ ತಿಳಿಯಬೇಕು; ಬ್ಯಾಟರಿಯ ಆರೋಗ್ಯವನ್ನು ಅಲ್ಲಿಯೇ ಪರೀಕ್ಷಿಸಿ ಬರಹದಲ್ಲಿ ಪಡೆಯಬೇಕು. 2023ಕ್ಕೆ ಮುಂಚಿನ ಹಲವು ಕಾರುಗಳು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆಂದು ರಚಿತವಾದವಲ್ಲ. ಕೈಪಿಡಿಯಲ್ಲಿ ಏನು ಬರೆದಿದೆಯೆಂದು ನೋಡಿಕೊಳ್ಳಬೇಕು. ದೆಹಲಿಯ ಕಡೆಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್, ಹದಿನೈದು ವರ್ಷ ಮೀರಿದ ಪೆಟ್ರೋಲು ಗಾಡಿಗಳ ಮೇಲೆ 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಬಂಧವನ್ನು ಎತ್ತಿಹಿಡಿದ ಮೇಲೆ, ಆ ಕಡೆಯ ದೊಡ್ಡ ಕಾರುಗಳನ್ನು ದಲ್ಲಾಳಿಗಳು ಅಗ್ಗವೆಂದು ಇಲ್ಲಿಗೆ ತಂದು ತೋರಿಸುವುದುಂಟು. ಅಲ್ಲಿಯ ನಿರಾಕ್ಷೇಪಣ ಪತ್ರ, ಇಲ್ಲಿಯ ಹೊಸ ನೋಂದಣಿ, ಕಾರಿನ ವಯಸ್ಸಿಗೆ ತಕ್ಕ ಆಜೀವ ತೆರಿಗೆ ಇವುಗಳನ್ನು ಕೂಡಿಸಿದ ಮೇಲೆ ಆ ಅಗ್ಗವು ಎಷ್ಟು ಉಳಿಯುವುದೆಂದು ಮೊದಲೇ ಲೆಕ್ಕ ಮಾಡಬೇಕು. 29 ಮತ್ತು 30ನೆಯ ನಮೂನೆಗಳಿಗೆ ಮಾರುವವರ ರುಜುವನ್ನು ಹಣ ಕೊಡುವ ದಿನವೇ ಪಡೆದು, ಆರ್.ಸಿ. ಪುಸ್ತಕದೊಡನೆ ವಿಮೆಯನ್ನೂ ತಮ್ಮ ಹೆಸರಿಗೆ ಮಾಡಿಸಿಕೊಂಡ ನಂತರವೇ ಅಮ್ಮನವರನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯತಕ್ಕದ್ದು.